ಹೊಂಗೆಯ ಹೊಗೆಯಲ್ಲಿ ಬಜ್ಜಿಯ ಘಮ

ಜೀಪಿನ ಬಾನೆಟ್ಟು ಧಮ್ಮಶೀಲಾಳನ್ನು ಸೊಂಟದವರೆಗೆ ನುಂಗಿತ್ತು. ಹೊರಗೆ ಉಳಿದಿದ್ದು ಹಸಿರು ಸೀರೆಯ ನೆರಿಗೆ ಮತ್ತು ತುದಿಗಾಲಲ್ಲಿ ನಿಂತ ಒಂದು ಜೊತೆ ಚಪ್ಪಲಿ. ಒಳಗಿಂದ ಮೊದಲು ಒಂದು ಸೀನು ಬಂತು, ಅದರ ಬೆನ್ನಿಗೆ ಮಾತು.

"ತಾರಕ್ಕಾ, ನಿಮ್ಮ ಬೇಗಂಗೆ ಯಾರೋ ಮಿರ್ಚಿ ತಿನ್ನಿಸ್ಯಾರ."

ತಾರಾಬಾಯಿ ಕುಳಿತಿದ್ದ ಕಲ್ಲಿನಿಂದ ಏಳಲಿಲ್ಲ. ನಾರಾಯಣಖೇಡದಲ್ಲಿ ಎಣ್ಣೆಯ ಗಾಣ ನಡೆಸುವ ಆ ಹೆಂಗಸು, ಬೆಳಿಗ್ಗೆಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡು ಜೀಪನ್ನೇ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಫೇಲಾದ ಮಗಳನ್ನು ನೋಡುವ ಹಾಗೆ. ಅವಳೆದುರಿಗೇ, ತಾಂಡೂರಿನ ಬಂಡೆಪ್ಪನ ಗಣಿಯಲ್ಲಿ, ಹತ್ತಾರು ಜನರ ಕಣ್ಣ ಮುಂದೆ, ಕಲ್ಲು ಹೇರಿದ ಟ್ರೇಲರ್ ಎಳೆದುಕೊಂಡು ಏರು ಹತ್ತುತ್ತಿದ್ದ ಜೀಪು ಅರ್ಧದಲ್ಲಿ ಢಕ್ ಅಂದು, ಢಕಾಢಕಾ ಅಂದು, ಕೊನೆಗೆ ಮಾವನ ಎದುರು ಸೀನು ತಡೆದುಕೊಂಡ ಸೊಸೆಯಂತೆ ಹುಂಫ್ ಅಂದು ನಿಂತುಬಿಟ್ಟಿತ್ತು.

ಜೀಪಿನ ಹೆಸರು ಖಟಾರಾ ಬೇಗಂ. ಮಿಲಿಟರಿಯವರು ಹರಾಜಿಗೆ ಹಾಕಿದ್ದು. ಧಮ್ಮಶೀಲಾ ಹುಟ್ಟುವ ಮೊದಲೇ ಅದು ಪೆನ್ಷನ್ನಿಗೆ ಅರ್ಹವಾಗಿತ್ತು. ಟ್ರ್ಯಾಕ್ಟರಿನ ಇಂಜಿನ್ ಕೂಡಿಸಿ, ಸೀಟಿನ ಕೆಳಗೆ ಎರಡನೇ ಟ್ಯಾಂಕ್ ಇಟ್ಟು, ಅದಕ್ಕೆ ಹೊಂಗೆ ಎಣ್ಣೆ ಕುಡಿಯುವುದನ್ನು ಕಲಿಸಿದವಳು ತಾರಾಬಾಯಿ. ಬೇಗಂ ಏಳುವುದು ಡೀಸೆಲ್ಲಿನಲ್ಲಿ. ಮೈ ಬಿಸಿಯಾದ ಮೇಲೆ ಡ್ರೈವರು ಒಂದು ಹಿಡಿ ತಿರುಗಿಸಿದರೆ ಉಳಿದ ದಾರಿಯೆಲ್ಲ ಹೊಂಗೆಯ ಮೇಲೆ. ಹೊಂಗೆಯಿಂದ ಒಂದು ಸೊನ್ನೆ ತೆಗೆದರೆ ಹೊಗೆ ಎಂದು ಬೇಗಂ ಬೆಳಿಗ್ಗೆ ಸಾರ್ವಜನಿಕವಾಗಿ ಸಾಧಿಸಿ ತೋರಿಸಿದ್ದಳು, ಅಷ್ಟೇ.

ನಗುವ ಸಂಗತಿ ಅದಾಗಿರಲಿಲ್ಲ. ಬಂಡೆಪ್ಪನ ಗಣಿ ಆಳದ ಬಾವಿಯಂಥದು. ಅದರ ತಳದಲ್ಲಿ ಓಡಾಡುವ ಹಳೇ ಡಂಪರುಗಳ ಕರಿ ಹೊಗೆ ಮೇಲೆ ಬರಲು ದಾರಿ ಕಾಣದೆ ಅಲ್ಲೇ ಸುತ್ತುತ್ತಿತ್ತು. ಹೊಗೆ ಹೋಗಬೇಕು, ಇಲ್ಲಾ ನಾವು ಹೋಗ್ತೀವಿ ಎಂದು ಕಲ್ಲು ಒಡೆಯುವವರು ಹೇಳಿ ಆಗಿತ್ತು. ಹೆಸರಿಗೂ ಕಸುಬಿಗೂ ಅಂತರವಿಲ್ಲದ ಬಂಡೆಪ್ಪ ಆಗ ಒಂದು ಮಾತು ಕೊಟ್ಟಿದ್ದ: ತಾರಾಬಾಯಿಯ ಜೀಪು ಹೊಂಗೆ ಎಣ್ಣೆಯ ಮೇಲೆ ಭಾರ ಎಳೆದು ಏರು ಹತ್ತಿದರೆ, ತನ್ನ ಹಳೇ ಗಾಡಿಗಳೆಲ್ಲ ಇನ್ನು ಅವಳ ಎಣ್ಣೆಯನ್ನೇ ಕುಡಿಯುತ್ತವೆ.

ಹತ್ತದಿದ್ದರೆ ಗಾಣ ನಿಲ್ಲುತ್ತದೆ. ಸಾಬೂನಿಗೆಂದು ಎಣ್ಣೆ ಒಯ್ಯುತ್ತಿದ್ದವನು ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಸುತ್ತಲಿನ ಊರಿನ ಹೆಂಗಸರು ಆರಿಸಿ ತಂದ ಹೊಂಗೆ ಬೀಜದ ಚೀಲಗಳು ಗಾಣದ ತಗಡಿನ ಮಾಡು ಮುಟ್ಟಿ ಕುಳಿತಿದ್ದವು. ತಾಂಡೂರು ಬೇಡವೆಂದರೆ ಅವರಿಗೆ ಹೇಳಲು ತಾರಾಬಾಯಿಯ ಬಳಿ ಒಂದು ಮಾತೂ ಇರಲಿಲ್ಲ.

ಬೇಗಂ ಸೋತ ಮೇಲೂ ಬಂಡೆಪ್ಪ ಒಂದು ಅವಕಾಶ ಕೊಟ್ಟಿದ್ದ. ಹೊತ್ತು ಮುಳುಗುವ ಮೊದಲು ಇನ್ನೊಂದು ಸಲ.

ಧಮ್ಮಶೀಲಾ ಬಾನೆಟ್ಟಿನಿಂದ ಹೊರಬಂದಳು. ಮೂಗಿನ ತುದಿಯಲ್ಲಿ ಗ್ರೀಸು, ಅಂಗೈಯಲ್ಲಿ ಎಣ್ಣೆ ಸೋಸುವ ಫಿಲ್ಟರಿನ ಬಟ್ಟಲು. ಜಹೀರಾಬಾದಿನ ಜೂನಿಯರ್ ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರ ಹೇಳುವವಳು. ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನುಲ ಸಮ್ಮೆ, ಅಂದರೆ ಎಲ್ಲ ಜನರ ಮುಷ್ಕರ, ಶುರುವಾದಾಗಿನಿಂದ ಕಾಲೇಜು ಸುಮ್ಮನಿತ್ತು; ಸುಮ್ಮನಿರಲಾರದವಳು ಧಮ್ಮಶೀಲಾ ಒಬ್ಬಳೇ. ಪಾಠವಿಲ್ಲದ ಈ ವಾರಗಳಲ್ಲಿ ಕಳೆದ ಮೇಕೆ, ಕಳೆದ ಮೀಟರು, ಕಳೆದ ಮದುವೆ ಗಂಡು ಎಲ್ಲ ಹುಡುಕಿಕೊಟ್ಟು ಈಗ ತಾರಾಬಾಯಿಯ ಕರೆಗೆ ಬಂದಿದ್ದಳು.

ಬಟ್ಟಲಿನಲ್ಲಿ ಇರಬೇಕಾದದ್ದು ಜೇನಿನ ಬಣ್ಣದ ತೆಳು ಎಣ್ಣೆ. ಇದ್ದದ್ದು ಬಿಳೀ ಮೇಣ. ಅದರ ನಡುವೆ ತಾಳಿಯ ಮಣಿಯಂತೆ ಹಳದಿ ಬಣ್ಣದ ಒಂದು ಮೆಣಸಿನ ಬೀಜ.

ಅವಳು ಮೇಣವನ್ನು ಚಿಟಿಕೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಮೈಯ ಬಿಸಿಗೆ ಅದು ನಿಧಾನವಾಗಿ ಕರಗಿತು. ಕರಗಿದ ಮೇಲೆ ಇನ್ನೆರಡು ಸಾಕ್ಷಿಗಳು ತಲೆಯೆತ್ತಿದವು: ಒಂದು ಓಮದ ಕಾಳು, ಒಂದು ಕಡಲೆ ಹಿಟ್ಟಿನ ಚೂರು. ನೆಕ್ಕಿ ನೋಡಬೇಕೆಂದು ನಾಲಗೆ ಹೇಳಿತು. ಬೇಡವೆಂದು ವಿದ್ಯೆ ಹೇಳಿತು. ನಾಲಗೆ ಗೆದ್ದಿತು.

"ಡಾಲ್ಡಾ," ಎಂದಳು. "ಮಿರ್ಚಿ ಬಜ್ಜಿ ಕರಿದ ಡಾಲ್ಡಾ. ಉಪ್ಪು ಜರಾ ಜಾಸ್ತಿ ಆಗ್ಯಾದ."

ಸುತ್ತ ನಿಂತವರು ಆಗಲೇ ತಮ್ಮ ತಮ್ಮ ತನಿಖೆ ಮುಗಿಸಿದ್ದರು. ಒಬ್ಬನ ಪ್ರಕಾರ ಇದು ದೃಷ್ಟಿ. ಇನ್ನೊಬ್ಬನ ಪ್ರಕಾರ ಇಂಜಿನ್ ಮುದಿಯಾಗಿದೆ. ಮತ್ತೊಬ್ಬ ಜೀಪಿನ ಮುಖ ತೆಂಕಣಕ್ಕೆ ಇತ್ತೆಂದ. ಎಲ್ಲರಿಗಿಂತ ಹೆಚ್ಚು ಆನಂದದಲ್ಲಿದ್ದವನು ಪ್ರವೀಣಕುಮಾರ. ಗಣಿಗಳಿಗೆ ಪೀಪಾಯಿ ಲೆಕ್ಕದಲ್ಲಿ ಡೀಸೆಲ್ ಪೂರೈಸುವ ಯುವಕ. ಕೆಂಪು ಮೋಟಾರ್ ಸೈಕಲ್ಲು, ಕಿಸೆಯಲ್ಲಿ ಬಾಚಣಿಗೆ, ಮುಖದಲ್ಲಿ ಸದಾ ಮದುವೆಗೆ ಕರೆಯಲು ಬಂದವನ ನಗು. ಜೀಪು ನಿಂತಾಗ ಮೊದಲು ಚಪ್ಪಾಳೆ ತಟ್ಟಿದ್ದು ಅವನೇ. ಎಣ್ಣಿ ಇರೂದು ತಲಿಗೆ ಹಚ್ಚಲಾಕ, ಗಾಡಿಗಲ್ಲ ಅಂತ ಬೆಳಿಗ್ಗೆಯಿಂದ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ ತಲೆ ಬಾಚಿಕೊಳ್ಳುತ್ತಿದ್ದ.

ಹೀಗೆ ಬಾಯಿ ಬಿಟ್ಟು ಖುಷಿಪಡುವವನು ಅಪರಾಧಿ ಆಗಿರಲಾರ ಅನ್ನುವುದು ಒಂದು ವಾದ. ಹಾಗೆ ಅಂದುಕೊಳ್ಳಲಿ ಎಂದೇ ಖುಷಿಪಡುತ್ತಿದ್ದಾನೆ ಅನ್ನುವುದು ಇನ್ನೊಂದು. ಧಮ್ಮಶೀಲಾ ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಡ್ರೈವರ್ ಸಾಯಪ್ಪನ ಕಡೆ ತಿರುಗಿದಳು.

ಸಾಯಪ್ಪ ತಾರಾಬಾಯಿಯ ಬಳಿ ಗಾಣದ ಎತ್ತು ಹೊಡೆಯುತ್ತಿದ್ದವನು, ಎತ್ತು ಹೋಗಿ ಮೋಟಾರು ಬಂದ ಮೇಲೆ ಸ್ಟೇರಿಂಗ್ ಹಿಡಿದವನು. ಜೀಪನ್ನು ಈಗಲೂ ಬಾಲ ಮುರಿದು ಓಡಿಸುವವನಂತೆ ಓಡಿಸುತ್ತಿದ್ದ. ನಿನ್ನೆ ರಾತ್ರಿ ಜಹೀರಾಬಾದಿನಲ್ಲಿ ತಂಗಿದ್ದ ಜೀಪನ್ನು ಇಂದು ಬೆಳಿಗ್ಗೆ ತಾಂಡೂರಿಗೆ ತಂದವನು ಅವನೊಬ್ಬನೇ. ತಾರಾಬಾಯಿ ಮತ್ತು ಧಮ್ಮಶೀಲಾ ಸಿಕ್ಕ ಹಾಲಿನ ವ್ಯಾನು ಹತ್ತಿ ಮುಂದಾಗಿ ಬಂದಿದ್ದರು. ದಾರಿಯಲ್ಲಿ ಎಲ್ಲೂ ನಿಲ್ಲಿಸಿಲ್ಲ ಎಂದು ಅವನು ಆಗಲೇ ಮೂರು ಜನರಿಗೆ ಆಣೆ ಮಾಡಿದ್ದ.

ನಾಲ್ಕನೆಯವಳಾಗಿ ಧಮ್ಮಶೀಲಾ ಕೇಳಿದಾಗ ಅವನ ದನಿ ತಾನಾಗಿಯೇ ಸಣ್ಣಗಾಯಿತು. ಕೈ ಕಿವಿಯ ಹಾಲೆಗೆ ಹೋಯಿತು. "ಖರೇ ಮೇಡಂ, ನಿಲ್ಲಿಸಿಲ್ಲ. ಖರೇ. ಒಂದ ಉಸಿರಿನಾಗ ಬಂದೀನಿ, ಖರೇ."

ಮೂರು ಖರೇಗಳ ನಡುವೆ ಒಂದು ಸುಳ್ಳು ಹಾಯಾಗಿ ಕುಳಿತಿತ್ತು. ಅವನ ಮೀಸೆಯ ಬಲ ಅಂಚಿನಲ್ಲಿ ಅದಕ್ಕಿಂತಲೂ ಹಾಯಾಗಿ ಕುಳಿತಿದ್ದುದು ಬಜ್ಜಿಯ ಚೂರು. ಧಮ್ಮಶೀಲಾ ತನ್ನ ಮೂಗಿನ ಕೆಳಗೆ ಬೆರಳಿಟ್ಟು ಒರೆಸಿಕೊಂಡಳು. ಎದುರಿಗೆ ನಿಂತವನು ಯಾರೇ ಆಗಲಿ, ಅದನ್ನು ನೋಡಿ ತನ್ನದನ್ನೂ ಒರೆಸಿಕೊಳ್ಳುತ್ತಾನೆ. ಸಾಯಪ್ಪನೂ ಒರೆಸಿಕೊಂಡ. ಬೆರಳಿಗೆ ಬಂದ ಚೂರನ್ನು ನೋಡಿಕೊಂಡ. ಕಿವಿಯಿಂದ ಕೈ ಇಳಿಯಿತು.

ಕರಣಕೋಟದ ತಿರುವಿನಲ್ಲಿ ರಸ್ತೆ ಬಂದ್ ಇತ್ತಂತೆ. ಸಮ್ಮೆಯವರು ಡಾಂಬರಿನ ಮೇಲೇ ಒಲೆ ಹೂಡಿ ವಂಟಾ ವಾರ್ಪು ನಡೆಸಿದ್ದರಂತೆ. ಅಡುಗೆ ಅಲ್ಲೇ, ಊಟ ಅಲ್ಲೇ, ಹೋರಾಟವೂ ಅಲ್ಲೇ. ಹಾದುಹೋಗುವವರು ಕೂತು ಉಂಡೇ ಹೋಗಬೇಕು, ಉಣ್ಣದವನಿಗೆ ದಾರಿಯಿಲ್ಲ. ಹಾಗಾಗಿ ಸಾಯಪ್ಪ ತೆಲಂಗಾಣಕ್ಕಾಗಿ ನಾಲ್ಕು ಬಜ್ಜಿ ತಿಂದಿದ್ದ. ಐದೂ ಇರಬಹುದು. ಎಲ್ಲೂ ನಿಲ್ಲಿಸಬ್ಯಾಡ ಅಂತ ತಾರಾಬಾಯಿ ಹೇಳಿದ್ದಕ್ಕೆ ಬಾಯಿ ಬಿಟ್ಟಿರಲಿಲ್ಲ. ತಿನ್ನುವಾಗ ಬಿಟ್ಟದ್ದೇ ಸಾಕೆನಿಸಿತ್ತೇನೋ.

"ಟ್ಯಾಂಕಿಗೆ ಯಾರು ಹಾಕಿದರು?" ಎಂದದ್ದಕ್ಕೆ ಮಾತ್ರ ಸಾಯಪ್ಪ ನೆಲ ನೋಡಿದ. ಅಲ್ಲಿ ಮಂದಿ ಭಾಳ ಇತ್ತು ಎಂದ. ತಾನು ತಾಟಿನ ಕಡೆ ನೋಡುತ್ತಿದ್ದೆ ಎಂದ. ಕೈ ಮತ್ತೆ ಕಿವಿಗೆ ಹೋಯಿತು.

ಊರಿನಲ್ಲಿ ಹೋಟೆಲುಗಳೆಲ್ಲ ಮುಚ್ಚಿರುವ ದಿನ ಡಾಲ್ಡಾದಲ್ಲಿ ಕೊಪ್ಪರಿಗೆಗಟ್ಟಲೆ ಬಜ್ಜಿ ಕರಿಯುವ ಜಾಗ ಇನ್ನೊಂದಿರಲಿಲ್ಲ. ಕರಣಕೋಟದ ತಿರುವಿಗೆ ಹೋಗಿ ಬರಬೇಕು. ತಾರಾಬಾಯಿಗೆ ಈಗ ಜೀವ ಬಂದಿತ್ತು. ಟ್ಯಾಂಕಿನ ತುಂಬ ಒಳ್ಳೇ ಎಣ್ಣೆ ಇದೆ, ಮೇಲೆ ಸೇರಿದ ಡಾಲ್ಡಾ ಗಟ್ಟಿಯಾಗಿ ಫಿಲ್ಟರಿಗೆ ಸಿಕ್ಕಿದೆ. ಅಷ್ಟನ್ನು ಬಟ್ಟೆಯಲ್ಲಿ ಸೋಸಿ ತೆಗೆದರೆ ಸಂಜೆಗೆ ಬೇಗಂ ಏರುತ್ತಾಳೆ ಎಂದು ಅವಳ ಲೆಕ್ಕ. ಸಾಯಪ್ಪನನ್ನು ಪೈಪು ಬಿಚ್ಚಲು ಹಚ್ಚಿದಳು.

ಗಾಡಿಯಿಲ್ಲದ ಧಮ್ಮಶೀಲಾ ಅತ್ತಿತ್ತ ನೋಡಿದಳು. ಬುರ್ರ್ ಎಂದು ಕೆಂಪು ಮೋಟಾರ್ ಸೈಕಲ್ಲು ಅವಳ ಪಕ್ಕಕ್ಕೇ ಬಂದು ನಿಂತಿತು.

"ಬರ್ರಿ ಮೇಡಂ, ನಾ ಬಿಡ್ತೀನಿ," ಎಂದ ಪ್ರವೀಣಕುಮಾರ. "ನನ್ನ ಮ್ಯಾಲ ಡೌಟ್ ಇದ್ರ ಹಿಂದ ಕೂತು ಕೇಳ್ರಿ. ಗಾಳಿ ಬರೋಬರ್ ಬರ್ತದ."

ಆರೋಪಿಯ ಬೆನ್ನ ಹಿಂದೆ ಕುಳಿತು ತನಿಖೆಗೆ ಹೊರಡುವುದು ಯಾವ ಪತ್ತೇದಾರಿ ಪಾಠದಲ್ಲೂ ಇರಲಿಕ್ಕಿಲ್ಲ. ಧಮ್ಮಶೀಲಾ ಸೆರಗು ಸಿಕ್ಕಿಸಿಕೊಂಡು ಕುಳಿತಳು.

ದಾರಿಯುದ್ದಕ್ಕೂ ಬದಿಯಲ್ಲಿ ಚಪ್ಪಡಿ ಕಲ್ಲುಗಳು ಜೋಡಿಸಿಟ್ಟ ಹಪ್ಪಳದಂತೆ ಒರಗಿದ್ದವು. ಪ್ರವೀಣಕುಮಾರ ಮಾತಾಡುತ್ತಲೇ ಇದ್ದ. ಸಮ್ಮೆಯಿಂದ ಡೀಸೆಲ್ ಬರುತ್ತಿಲ್ಲ, ಪೀಪಾಯಿಗಳು ಖಾಲಿ ಬಿದ್ದಿವೆ, ಅವುಗಳ ಮೇಲೆ ಕೋಳಿ ಮಲಗುತ್ತವೆ ಎಂದ. ಹಾಗಿದ್ದರೆ ಬೆಳಿಗ್ಗೆ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದೇಕೆ ಎಂದು ಅವಳು ಕೇಳಿದಳು. ಯಾರಾದರೂ ಬಿದ್ದಾಗ ನಗು ಬರುವುದು ತನ್ನ ಹುಟ್ಟುಗುಣ, ತಂಗಿಯ ಮದುವೆಯಲ್ಲಿ ಬೀಗರು ಜಾರಿದಾಗಲೂ ಹೀಗೇ ಆಗಿ ಊಟ ತಪ್ಪಿತ್ತು ಎಂದ ಅವನು. ಉತ್ತರ ಚೆನ್ನಾಗಿತ್ತು. ತುಸು ಹೆಚ್ಚೇ ಚೆನ್ನಾಗಿತ್ತು.

ಕರಣಕೋಟದ ತಿರುವಿಗೆ ಇನ್ನೂ ದೂರವಿರುವಾಗಲೇ ಘಮ ಎದುರುಗೊಂಡಿತು. ರಸ್ತೆಯ ಅಡ್ಡಕ್ಕೆ ಕಲ್ಲಿನ ಒಲೆಗಳು, ಒಲೆಗಳ ಮೇಲೆ ಕೊಪ್ಪರಿಗೆಗಳು, ಕೊಪ್ಪರಿಗೆಗಳ ಹಿಂದೆ ಹೆಂಗಸರು. ಒಂದು ಲಾರಿಯ ಕ್ಲೀನರ್ ಎಲೆ ಮುಂದೆ ಕುಳಿತು ಇನ್ನು ಬೇಡವೆಂದು ಕೈ ಮುಗಿಯುತ್ತಿದ್ದ. ಯಾರೂ ಅವನ ಮಾತು ಕೇಳುತ್ತಿರಲಿಲ್ಲ.

ಬಜ್ಜಿಯ ಬಾಣಲೆಯ ಯಜಮಾನಿ ಭೂದೇವಿ. ದಪ್ಪ ಕೈ, ಹಣೆಯ ತುಂಬ ಕುಂಕುಮ, ಬಜ್ಜಿ ಎತ್ತುವ ಝಾರಿ ಹಿಡಿದ ನಾಯಕಿಯ ನಿಲುವು. ಬಂದವಳು ಯಾರು, ಏಕೆ ಬಂದಳು ಎಂಬುದು ಅವಳಿಗೆ ಬೇಕಿರಲಿಲ್ಲ. ಮೊದಲು ಕುಳಿತುಕೊಳ್ಳಬೇಕು, ತಿನ್ನಬೇಕು, ಕೇಳುವುದೇನಿದ್ದರೂ ಆಮೇಲೆ. ಧಮ್ಮಶೀಲಾ ತನಿಖೆಯ ಅಂಗವಾಗಿ ಒಂದು ಬಜ್ಜಿ ಕಚ್ಚಿದಳು. ಓಮ ಇತ್ತು. ಬೀಜ ತೆಗೆಯದ ಮೆಣಸಿನಕಾಯಿ ಇತ್ತು. ಉಪ್ಪು ಜರಾ ಜಾಸ್ತಿಯಿತ್ತು. ಇನ್ನೊಂದನ್ನು ಅನುಮಾನ ಪರಿಹಾರಕ್ಕೆ ತಿಂದಳು. ಮೂರನೆಯದಕ್ಕೆ ಕಾರಣ ಹುಡುಕಲಿಲ್ಲ.

ಜೀಪಿನ ವಿಷಯ ಎತ್ತಿದ್ದೇ ತಡ, ಭೂದೇವಿಯ ಮುಖ ಅರಳಿತು. ಅಪರಾಧ ಒಪ್ಪಿಕೊಳ್ಳುವವರು ಇಷ್ಟು ಹೆಮ್ಮೆಯಿಂದ ಒಪ್ಪಿಕೊಂಡದ್ದನ್ನು ಧಮ್ಮಶೀಲಾ ಕಂಡಿರಲಿಲ್ಲ. ಬಜ್ಜಿ ತಿನ್ನುತ್ತ ಡ್ರೈವರು ಹೇಳಿದನಂತೆ, ನನ್ನ ಗಾಡಿ ಎಣ್ಣಿ ಮ್ಯಾಲ ಓಡ್ತದ ಅಂತ. ಯಾವ ಎಣ್ಣೆ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಎಣ್ಣೆ ಅಂದರೆ ಎಣ್ಣೆ. ಇಷ್ಟು ದಿನ ಕರಿದುಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಡಬ್ಬಿಗಳಲ್ಲಿ ತುಂಬಿಟ್ಟಿದ್ದಳು. ಡೀಸೆಲ್ ಇಲ್ಲದೆ ಓಡುವ ಗಾಡಿ ನಮ್ಮ ದಾರಿಗೇ ಬಂದಿದೆ, ಮನೆಗೆ ಬಂದ ಮಗಳಿಗೆ ಉಡಿ ತುಂಬಿ ಕಳಿಸುವಂತೆ ಎಲ್ಲವನ್ನೂ ಬಿಸಿ ಮಾಡಿ, ಹೂವಿನಂತೆ ಸೋಸಿ, ಟ್ಯಾಂಕಿಗೆ ಹೊಯ್ದಳು. ಸುತ್ತಲಿನವರು ಜೈ ಅಂದರಂತೆ.

"ಅದೇ ಡಾಲ್ಡಾ ತಂಪಿಗೆ ಗಟ್ಟಿ ಆಗಿ ಗಾಡಿ ಗಂಟಲಾಗ ಸಿಕ್ಯಾದವ್ವ," ಎಂದಳು ಧಮ್ಮಶೀಲಾ.

ಭೂದೇವಿ ಝಾರಿ ಕೆಳಗಿಟ್ಟಳು. ಮುಖ ಬಾಡಿತು. "ಅಯ್ಯ. ನಾ ಉಪವಾಸ ಹೋಗಬಾರದಂತ ಹಾಕಿದೆ."

"ಉಪವಾಸ ಯಾಕ? ಟ್ಯಾಂಕ್ ತುಂಬಿತ್ತಲ್ಲ."

"ಎಲ್ಲಿ ತುಂಬಿತ್ತು ತಾಯಿ. ಮುಚ್ಚಳ ತೆಗೆದು ಕಟ್ಟಿಗಿ ಬಿಟ್ಟು ನೋಡೀನಿ. ಒಣ ಕಟ್ಟಿಗಿ ಒಣಾನೇ ಬಂತು. ನಿಮ್ಮ ಡ್ರೈವರೂ ನೋಡ್ಯಾನ. ಬಾಯಿ ಮ್ಯಾಲ ಕೈ ಇಟ್ಕೊಂಡು ನಿಂತಿದ್ದ. ಆಮ್ಯಾಲ, ಹಾಕ್ರಿ ಅಕ್ಕ ಹಾಕ್ರಿ, ಏನರ ಹಾಕ್ರಿ ಅಂದ."

ಧಮ್ಮಶೀಲಾಳ ದವಡೆ ನಿಂತಿತು. ನಿನ್ನೆ ನಾರಾಯಣಖೇಡದಲ್ಲಿ ತಾರಾಬಾಯಿ ತನ್ನ ಕೈಯಾರೆ ಕಂಠಮಟ್ಟ ತುಂಬಿಸಿದ ಟ್ಯಾಂಕ್ ಅದು. ಅಷ್ಟು ಎಣ್ಣೆ ಈ ಗಾಡಿ ತಾಂಡೂರಿಗೆ ಹೋಗಿ ಬಂದು, ಮತ್ತೆ ಹೋಗಿ ಬಂದರೂ ಮುಗಿಯುವಂಥದಲ್ಲ. ಈಗ ಟ್ಯಾಂಕಿನಲ್ಲಿರುವುದು ಒಳ್ಳೇ ಎಣ್ಣೆಯ ಮೇಲೆ ತೇಲುವ ಡಾಲ್ಡಾ ಅಲ್ಲ, ಬರೀ ಡಾಲ್ಡಾ. ಎಷ್ಟು ಸೋಸಿದರೂ ತಾರಾಬಾಯಿಗೆ ಅದರಲ್ಲಿ ಒಂದು ಹನಿ ಹೊಂಗೆ ಸಿಗುವುದಿಲ್ಲ. ಇನ್ನೊಂದು ಸಲ ಏರಲು ಇಂಜಿನ್ ಇದೆ, ಏರು ಇದೆ, ಎಣ್ಣೆಯೇ ಇಲ್ಲ.

ಭೂದೇವಿ ಅವಳ ಎಲೆಗೆ ಇನ್ನೊಂದು ಬಜ್ಜಿ ಹಾಕುತ್ತ ಪಕ್ಕಕ್ಕೆ ಬಾಗಿದಳು. ದನಿ ತಗ್ಗಿಸಿದಳು.

"ಮತ್ತೊಂದು ಮಾತು. ನಿಮ್ಮ ಡ್ರೈವರು ಇಳಿದ ಕೂಡ್ಲೇ ಎರಡು ದೊಡ್ಡ ಡಬ್ಬಿ ಜೀಪಿನಾಗಿಂದ ಇಳಿಸಿದ. ಎರಡೂ ಅಲ್ಲಿದ್ದ ಕೆಂಪು ಗಾಡಿಗೆ ಕಟ್ಟಿ ಕಳಿಸಿದ. ನೀವು ಈಗ ಬಂದೀರಲ್ಲ, ಅದೇ ಗಾಡಿ."

ಧಮ್ಮಶೀಲಾ ನಿಧಾನವಾಗಿ ತಿರುಗಿ ನೋಡಿದಳು. ಪ್ರವೀಣಕುಮಾರ ಅಷ್ಟು ದೂರದಲ್ಲಿ ಲಾರಿಯ ಕ್ಲೀನರನ ಪಾಲಿನ ಬಜ್ಜಿ ತಿಂದುಕೊಡುತ್ತಿದ್ದ. ಅವಳು ನೋಡುತ್ತಿರುವುದನ್ನು ಕಂಡು ಕೈ ಬೀಸಿದ.

ಹಿಂತಿರುಗುವ ದಾರಿಯಲ್ಲಿ ಅವಳು ಹಿಂದೆ ಕುಳಿತು ಲೆಕ್ಕ ಹಾಕಿದಳು. ಅವನು ಸಿಳ್ಳೆ ಹಾಕುತ್ತಿದ್ದ. ತನ್ನನ್ನು ಕರೆದೊಯ್ಯಲು ಅವನು ಅಷ್ಟು ತಯಾರಾಗಿ ಬಂದದ್ದು ಏಕೆಂದು ಈಗ ಅವಳಿಗೆ ಹೊಳೆಯತೊಡಗಿತ್ತು. ಒಬ್ಬಳನ್ನು ಒಂದು ಜಾಗಕ್ಕೆ ಕರೆದೊಯ್ಯುವುದೆಂದರೆ ಇನ್ನೊಂದು ಜಾಗದಲ್ಲಿ ಅವಳು ಇಲ್ಲದಂತೆ ಮಾಡುವುದೂ ಹೌದು.

ಗಣಿಯ ಅಂಚು ಮುಟ್ಟುವ ಹೊತ್ತಿಗೆ ಬಿಸಿಲು ಎದುರಿನ ಕಲ್ಲುಗೋಡೆಯ ಅರ್ಧಕ್ಕೆ ಏರಿತ್ತು. ಕೆಳಗಿನಿಂದ ಒಂದು ಇಂಜಿನ್ನಿನ ಗುಡುಗು ಬರುತ್ತಿತ್ತು. ಬೇಗಂಳದ್ದಲ್ಲ, ಅವಳದು ಕೆಮ್ಮಿನ ದನಿ. ಇದು ಗಂಟಲು ಸರಿಪಡಿಸಿಕೊಂಡ ಹಿರಿಯರ ದನಿ.

ಬಂಡೆಪ್ಪನ ಅತ್ಯಂತ ಮುದಿ ಡಂಪರು ಗಣಿಯ ತಳದಿಂದ ಏರು ಹತ್ತುತ್ತಿತ್ತು. ಬೆನ್ನ ಮೇಲೆ ಚಪ್ಪಡಿಯ ಗುಡ್ಡ. ಜನರೆಲ್ಲ ಬದಿಗೆ ಸರಿದು ನಿಂತಿದ್ದರು. ಬೇಗಂ ಬೆಳಿಗ್ಗೆ ಸೋತ ಜಾಗವನ್ನು ಡಂಪರು ತಿರುಗಿಯೂ ನೋಡದೆ ದಾಟಿತು. ಕೊಳವೆಯಿಂದ ಬರುತ್ತಿದ್ದ ಹೊಗೆ ಕರಿಯದಾಗಿರಲಿಲ್ಲ. ಅದು ತೆಳ್ಳಗೆ, ಒಗೆದ ಪಂಚೆಯ ಬಣ್ಣಕ್ಕಿತ್ತು. ತಳದಲ್ಲಿದ್ದ ಕಲ್ಲು ಒಡೆಯುವವರು ಮುಖಕ್ಕೆ ಕಟ್ಟಿದ ಬಟ್ಟೆ ಇಳಿಸಿ ಮೇಲೆ ನೋಡುತ್ತಿದ್ದರು. ಯಾರೂ ಕೆಮ್ಮುತ್ತಿರಲಿಲ್ಲ.

ಗಾಳಿ ತಿರುಗಿ ಹೊಗೆಯನ್ನು ಧಮ್ಮಶೀಲಾಳ ಮುಖಕ್ಕೆ ತಂದಿತು. ಹುರಿದ ಶೇಂಗಾದ ಸಿಪ್ಪೆಗೆ ಬೇವಿನ ಒಗ್ಗರಣೆ ಕೊಟ್ಟಂಥ ವಾಸನೆ. ಈ ಸೀಮೆಯಲ್ಲಿ ಆ ವಾಸನೆ ಬಿಡುವುದು ಒಂದೇ ಎಣ್ಣೆ.

ತಾರಾಬಾಯಿಗೂ ಅದು ತಟ್ಟಿತ್ತು. ಜೀಪಿನ ಟ್ಯಾಂಕಿನಿಂದ ಸೋಸಿದ ಬಿಳೀ ಮೇಣದ ಬಟ್ಟೆ ಅವಳ ಕೈಯಲ್ಲೇ ಇತ್ತು. "ಇದು ನನ್ನ ಎಣ್ಣಿ," ಎಂದಳು, ಯಾರಿಗೂ ಅಲ್ಲ, ಎಲ್ಲರಿಗೂ.

ಡಂಪರು ಮೇಲೆ ಬಂದು ನಿಂತಿತು. ಬಂಡೆಪ್ಪ ತನ್ನ ಕರಿ ಕನ್ನಡಕ ತೆಗೆದು ಹೊಗೆಯನ್ನು ಬರಿಗಣ್ಣಿಂದ ನೋಡಿದ. ನಂತರ ನಡೆದು ಹೋಗಿ ಕೈ ಚಾಚಿದ. ತಾರಾಬಾಯಿಗಲ್ಲ, ಆಗಷ್ಟೇ ಮೋಟಾರ್ ಸೈಕಲ್ಲಿನಿಂದ ಇಳಿದು ತಲೆ ಬಾಚಿಕೊಳ್ಳುತ್ತಿದ್ದ ಪ್ರವೀಣಕುಮಾರನಿಗೆ.

"ಗೆದ್ದೀ ಬಿಡು," ಎಂದ ಬಂಡೆಪ್ಪ. "ಇನ್ನ ನಮ್ಮ ಗಾಡಿಗಳಿಗೆ ಹೊಂಗಿ ಎಣ್ಣಿ ನೀನೇ ಹಾಕು."

ಅವನು ಕೈ ಹಿಡಿಯುವ ಮೊದಲೇ ಧಮ್ಮಶೀಲಾ ನಡುವೆ ಬಂದಳು.

"ಬಂಡೆಪ್ಪನೋರೆ, ಜರಾ ತಡೀರಿ. ಎಣ್ಣಿ ಹಾಕಲಾಕ ಇವರ ಹತ್ತಿರ ಗಾಣ ಅದ ಏನು?"

"ಗಾಣ ಯಾಕ ಬೇಕು ಮೇಡಂ," ಎಂದ ಪ್ರವೀಣಕುಮಾರ. "ಡೀಸೆಲ್ ಮಾರೂ ಮುಂದ ನಾ ಭಾವಿ ತೋಡಿದ್ದೆ ಏನು?"

ಸುತ್ತಲಿನವರು ನಕ್ಕರು. ಅವಳೂ ನಕ್ಕಳು. ನಗುತ್ತಲೇ ಕೇಳಿದಳು, ಬೆಳಿಗ್ಗೆ ಕರಣಕೋಟದ ತಿರುವಿನಲ್ಲಿ ಖಟಾರಾ ಬೇಗಂಳ ಹೊಟ್ಟೆಯಿಂದ ಇಳಿದ ಎರಡು ಡಬ್ಬಿ ಕೆಂಪು ಗಾಡಿ ಹತ್ತಿದ್ದು ಹೌದೋ ಅಲ್ಲವೋ ಎಂದು. ನಗು ಒಂದೊಂದಾಗಿ ನಿಂತಿತು. ಅವನ ಮುಖದ್ದು ಮಾತ್ರ ಹಾಗೇ ಇತ್ತು.

"ಹೌದು," ಎಂದ. "ಹತ್ಯಾವ. ಅದೇ ಎಣ್ಣಿ ಬೆಳಿಗ್ಗೇನೇ ಈ ಡಂಪರಿಗೆ ಹಾಕೀನಿ. ನಾ ಎಲ್ಲಿ ಇಲ್ಲ ಅಂದೀನಿ?"

"ಅದು ತಾರಕ್ಕನ ಎಣ್ಣಿ."

"ಅಲ್ರಿ. ತಾರಾಬಾಯಿ ಎಣ್ಣಿ ಅವರ ಟ್ಯಾಂಕಿನಾಗ ಇತ್ತು. ಇದು ಡಬ್ಬಿ ಎಣ್ಣಿ. ಬ್ಯಾರೆ ಕಡೀದು. ನಾ ಕದ್ದಿಲ್ಲ ಮೇಡಂ, ನನಗ ಕಳಿಸಿ ಕೊಟ್ಟಾರ. ಯಾರು ಅಂತ ಮಂದ್ಯಾಗ ಹೇಳಾಕ ಬರೂದಿಲ್ಲ. ಮಾತು ಕೊಟ್ಟೀನಿ."

ತಾರಾಬಾಯಿ ಮುಂದೆ ಬಂದಳು. ಬೆಳಿಗ್ಗೆಯಿಂದ ಬಾಯಿಗೆ ಒತ್ತಿಕೊಂಡಿದ್ದ ಸೆರಗು ಈಗ ಸೊಂಟಕ್ಕೆ ಬಿಗಿದಿತ್ತು. ತನ್ನ ಗಾಣದ ಎಣ್ಣೆಯನ್ನು ಸಾವಿರ ಎಣ್ಣೆಯ ನಡುವೆಯೂ ಗುರುತಿಸುತ್ತೇನೆ ಎಂದಳು. ವಾಸನೆಗೆ ಹೆಸರು ಬರೆದಿರುವುದಿಲ್ಲ ಎಂದು ಪ್ರವೀಣಕುಮಾರ ವಿನಯದಿಂದಲೇ ಹೇಳಿದ. ಬೀಜ ಆರಿಸಿದ ಹೆಂಗಸರು ನಾಳೆ ಬಂದು ನಿನ್ನ ಮನೆಯ ಮುಂದೆ ಒಲೆ ಹೂಡುತ್ತಾರೆ ಎಂದಳು ತಾರಾಬಾಯಿ. ಬಜ್ಜಿಗೆ ಉಪ್ಪು ಕಡಿಮೆ ಹಾಕಲು ಹೇಳಿ ಎಂದ ಅವನು.

ಬಂಡೆಪ್ಪ ಕೈ ಎತ್ತಿದ. ಅವನಿಗೆ ಬೇಕಿದ್ದದ್ದು ಎಣ್ಣೆ, ಜಗಳವಲ್ಲ. ಎಣ್ಣೆ ಯಾರದೋ ಅವರ ಜೊತೆ ಮಾತು, ಹೊತ್ತು ಮುಳುಗುವ ಮೊದಲು ಅದು ತೀರ್ಮಾನವಾಗಬೇಕು ಎಂದು, ಡಂಪರಿನ ಬಾಗಿಲಿನ ಕಡೆ ತಿರುಗಿ ಕೂಗಿದ. ಸಮ್ಮೆಯಿಂದಾಗಿ ತನ್ನ ಡ್ರೈವರುಗಳು ಬಂದಿರಲಿಲ್ಲವೆಂದು ಅವನು ಕೈಗೆ ಸಿಕ್ಕವನನ್ನು ಹತ್ತಿಸಿದ್ದ. ಬಾಗಿಲು ತೆರೆಯಿತು. ಮೊದಲು ಒಂದು ಕಾಲು, ಆಮೇಲೆ ಮೀಸೆ.

ಇಳಿದವನು ಸಾಯಪ್ಪ.

ತಾರಾಬಾಯಿ ಅವನನ್ನು ನೋಡಿದ ರೀತಿಗೆ ಮುದಿ ಡಂಪರೂ ಹಿಂದೆ ಸರಿಯಬೇಕಿತ್ತು. ಸಾಯಪ್ಪನಿಗೆ ಮಾತ್ರ ಏನಾಗಿದೆಯೆಂದೇ ಗೊತ್ತಿದ್ದಂತಿರಲಿಲ್ಲ. ಗಾಡಿ ಓಡಿಸೆಂದರು, ಓಡಿಸಿದೆ ಎಂಬಂತೆ ಕೈ ಒರೆಸಿಕೊಳ್ಳುತ್ತ ನಿಂತ.

"ಸಾಯಪ್ಪ, ನೀ ತಂದ ಡಬ್ಬಿ ನೀನೇ ಹೇಳು," ಎಂದ ಬಂಡೆಪ್ಪ. "ಎಣ್ಣಿ ಯಾರದು?"

ಸಾಯಪ್ಪ ತಾರಾಬಾಯಿಯನ್ನು ನೋಡಿದ, ಪ್ರವೀಣಕುಮಾರನನ್ನು ನೋಡಿದ. ಬಳಿಕ ಧಮ್ಮಶೀಲಾಳನ್ನು ನೋಡಿ, ಹೇಳಲೋ ಬೇಡವೋ ಎಂದು ಅಪ್ಪಣೆ ಕೇಳುವವನಂತೆ ತಲೆ ವಾಲಿಸಿದ.

"ಮೇಡಂದು," ಎಂದ. "ಧಮ್ಮಶೀಲಾ ಮೇಡಂದು."

ಮೊದಲು ನಕ್ಕವಳು ಧಮ್ಮಶೀಲಾಳೇ. ಮೊದಲು ನಿಲ್ಲಿಸಿದವಳೂ ಅವಳೇ. ಸಾಯಪ್ಪನ ಎರಡೂ ಕೈ ಕೆಳಗೇ ಇದ್ದವು. ಅವನು ಒಂದು ಸಲವೂ ಖರೇ ಅಂದಿರಲಿಲ್ಲ.

"ಪ್ರಯೋಗದ ಎಣ್ಣಿ, ಮುಟ್ಟಬ್ಯಾಡ, ಪ್ರವೀಣಕುಮಾರಗ ಮುಟ್ಟಿಸು ಅಂತ ನೀವೇ ಚೀಟಿ ಹಚ್ಚಿ ಜೀಪಿನಾಗ ಇಟ್ಟಿದ್ರಲ್ರಿ ಮೇಡಂ. ಅದಕ್ಕೇ ದಾರ್‍ಯಾಗ ಟಾಂಕಿ ಖಾಲಿ ಆದ್ರೂ ನಾ ಮುಟ್ಟಿಲ್ಲ."

ಪ್ರವೀಣಕುಮಾರ ಬಾಚಣಿಗೆಯನ್ನು ಕಿಸೆಗೆ ಇಳಿಸಿದ. ಆ ಮದುವೆಯ ಕರೆಯ ನಗು ಮೊದಲ ಸಲ ಅವನ ಮುಖದಲ್ಲಿರಲಿಲ್ಲ. ಅವನಿಗೂ ಈಗ ಗೊಂದಲವಾದಂತಿತ್ತು.

"ಹೆಸರು ಹೇಳಬ್ಯಾಡ ಅಂತ ನಿನ್ನೆ ಫೋನಿನಾಗ ನೀವೇ ಅಂದ್ರಲ್ಲ ಮೇಡಂ. ನಾ ಹೇಳಿಲ್ಲ ನೋಡ್ರಿ. ಅಂವ ಹೇಳ್ಯಾನ."

ಧಮ್ಮಶೀಲಾ ಈ ಜನ್ಮದಲ್ಲಿ ಅವನಿಗೆ ಫೋನು ಮಾಡಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದಳು. ಆದರೆ ತಾರಾಬಾಯಿ ಆಗಲೇ ಅವಳ ಎದುರಿಗೆ ಬಂದು ನಿಂತಿದ್ದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಿದ್ದರೆ ಎದುರಿಸಬಹುದಿತ್ತು.

"ಧಮ್ಮಾ, ನನ್ನ ಎಣ್ಣಿ ಟ್ಯಾಂಕಿನಿಂದ ಡಬ್ಬಿಗೆ ಇಳಿದದ್ದು ರಾತ್ರೀನೇ ಇರಬೇಕು. ನಿನ್ನೆ ರಾತ್ರಿ ಜೀಪು ಎಲ್ಲಿ ನಿಂತಿತ್ತು?"

"ನಮ್ಮ ಕಾಲೇಜಿನ ಅಂಗಳದಾಗ, ತಾರಕ್ಕ."

"ಗೇಟಿಗೆ ಬೀಗ ಹಾಕಿದ್ದಿ ಅಲ್ಲಾ?"

"ಹಾಕಿದ್ದೆ."

"ಕೀಲಿ?"

ಧಮ್ಮಶೀಲಾ ಚೀಲದೊಳಗೆ ಕೈ ಹಾಕಿದಳು. ಆ ಬೀಗಕ್ಕಿದ್ದ ಒಂದೇ ಕೀಲಿ ಅಲ್ಲೇ ಇತ್ತು. ಇಲ್ಲದೆ ಹೋಗಿದ್ದರೆ ಚೆನ್ನಾಗಿತ್ತು.